ಒಂದು ಇನಿಂಗ್ಸಿಗೆ ಒಂದು ಪುಸ್ತಕ

ಊಟಕ್ಕೆ ಮುಂಚೆ ಐವತ್ತು ನಿಮಿಷ, ಊಟ ಆದಮೇಲೆ ನಲವತ್ತು ನಿಮಿಷ ಒಬ್ಬ ಮನುಷ್ಯ ಬ್ಯಾಟು ಬೀಸಿದ. ಅಷ್ಟಕ್ಕೇ ಒಂದು ಪುಸ್ತಕ ಬರೆದುಬಿಟ್ಟರು ನೋಡಿ, ಜಾನ್ ಆರ್ಲಟ್! ಕ್ರಿಕೆಟ್ ಪುಸ್ತಕಗಳ ಹುಚ್ಚು ಇರೋರಿಗೆಲ್ಲ ಅದು ಗೊತ್ತು, 1957ರಲ್ಲಿ ಬಂದ 'ಅಲೆಟ್ಸನ್ಸ್ ಇನಿಂಗ್ಸ್'. ಆರ್ಲಟ್ ಅಂದ್ರೆ ಸಾಮಾನ್ಯವಾಗಿ ಎಲ್ಲರಿಗೂ ಬಿಬಿಸಿಯ ಆ ಕ್ರಿಕೆಟ್ ಕಾಮೆಂಟರಿ ಧ್ವನಿಯೇ ನೆನಪಿಗೆ ಬರೋದು. ನನಗೆ ಮಾತ್ರ ಮೊದಲು ನೆನಪಾಗೋದು ಈ ಸಣ್ಣ ಪುಸ್ತಕ.

ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳ್ತೀನಿ, ಹೇಳೋದರಲ್ಲೇ ಒಂದು ಖುಷಿ ಇದೆ. 1911ರ ಮೇ ತಿಂಗಳು, ಹೋವ್ ಮೈದಾನ, ಸಸೆಕ್ಸ್ ಮೇಲೆ ನಾಟಿಂಗ್‌ಹ್ಯಾಮ್‌ಶೈರ್. ಟೆಡ್ ಅಲೆಟ್ಸನ್ ಬ್ಯಾಟು ಹಿಡಿದು ಬಂದಾಗ ಏಳು ವಿಕೆಟ್ ಬಿದ್ದಿತ್ತು, ಮುನ್ನಡೆ ಅಂತ ಇದ್ದದ್ದು ಒಂಬತ್ತೇ ರನ್ನು. ಈತ ಅಂಥ ಹೆಸರಾಂತ ದಾಂಡಿಗನೇನಲ್ಲ. ಡ್ಯೂಕ್ ಆಫ್ ಪೋರ್ಟ್‌ಲೆಂಡ್ ಅವರ ಜಹಗೀರಿನಲ್ಲಿ ಗಾಡಿಚಕ್ರ ಮಾಡುತ್ತಿದ್ದ ಬಡಗಿಯ ಮಗ. ಮಣಿಕಟ್ಟು ಬೇರೆ ಉಳುಕಿತ್ತು. ಊಟದ ಹೊತ್ತಿಗೆ 47 ಹೊಡೆದಿದ್ದ. ಆಮೇಲೆ, ಇನ್ನು ನಾನು ಹೇಗೆ ಆಡಿದರೂ ಪರವಾಗಿಲ್ವಾ ಅಂತ ಕ್ಯಾಪ್ಟನ್ನನ್ನ ಕೇಳಿದನಂತೆ. ಪರವಾಗಿಲ್ಲ ಬಿಡು ಅಂದರಂತೆ ಅವರು. ಅಷ್ಟು ಸಾಕಾಯಿತು. ಮುಂದಿನ ನಲವತ್ತು ನಿಮಿಷದಲ್ಲಿ 142 ರನ್ನು! ಕಿಲಿಕ್ ಅನ್ನುವ ಬೌಲರಿನ ಒಂದೇ ಓವರಿನಲ್ಲಿ 34, ಅದರಲ್ಲಿ ಎರಡು ನೋಬಾಲೂ ಸೇರಿತ್ತು ಅನ್ನಿ. ಕೊನೆಯ ಹುದ್ದರಿಗೆ 152 ರನ್ನು ಸೇರಿತು. ಜೊತೆಯಲ್ಲಿದ್ದ ರೈಲಿ ಅದರಲ್ಲಿ ಹೊಡೆದದ್ದು ಹತ್ತು ಮಾತ್ರ. ಚೆಂಡುಗಳು ಮೈದಾನದ ಆಚೆ ಹೋಗಿ ಕಳೆದುಹೋದವು. ಒಟ್ಟು 189. ಅದಾದಮೇಲೆ ಆ ಮನುಷ್ಯ ಮೊದಲ ದರ್ಜೆ ಕ್ರಿಕೆಟ್ಟಿನಲ್ಲಿ ಇನ್ನೊಂದು ಶತಕ ಹೊಡೆಯಲಿಲ್ಲ, ಒಂದೂ ಇಲ್ಲ.

ಈಗ ಯೋಚನೆ ಮಾಡಿ. ಇಂಥವನ ಬಗ್ಗೆ ಯಾರು ತಾನೆ ಪುಸ್ತಕ ಬರೀತಾರೆ? ದಾಖಲೆಯ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ ಅಲ್ವಾ? ಆರ್ಲಟ್‌ಗೆ ಮಾತ್ರ ಆ ಸಾಲು ಸಾಲಲಿಲ್ಲ. ಆಟ ನಡೆದು ನಲವತ್ತಾರು ವರ್ಷ ಆಗಿತ್ತು, ಅಲೆಟ್ಸನ್ ಇನ್ನೂ ಬದುಕಿದ್ದರು. ಮೈಯಲ್ಲಿ ಶಕ್ತಿ ಇದ್ದರೂ ಹೊಡೆದರೆ ಔಟಾಗ್ತೀನೇನೋ, ತಂಡದಿಂದ ಕೈಬಿಡ್ತಾರೇನೋ ಅಂತ ಅಂಜಿಕೊಂಡು ಆಡಿದ ಎಷ್ಟು ಜನ ಕೂಲಿಯಾಳು ಕ್ರಿಕೆಟಿಗರು ಇದ್ದಿರಬೇಕು! ಆ ಅಂಜಿಕೆ ಒಂದು ದಿನದ ಮಟ್ಟಿಗೆ ಕಳಚಿಬಿದ್ದರೆ ಏನಾಗುತ್ತೆ ಅನ್ನೋದು ಆ ನಲವತ್ತು ನಿಮಿಷದಲ್ಲಿದೆ. ಅದಕ್ಕೊಂದು ಪುಸ್ತಕ ಬೇಕೇ ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಆರ್ಲಟ್ ಬರೆದದ್ದೇನು ಕಡಿಮೆಯೇ? ಆಡು ಮುಟ್ಟದ ಸೊಪ್ಪಿಲ್ಲ ಅಂತೀವಲ್ಲ, ಆ ಮಾತು ಇವರಿಗೇ ಸರಿ. ಕ್ರಿಕೆಟ್ಟು, ಫುಟ್‌ಬಾಲು, ಜೀವನಚರಿತ್ರೆ, ಕವಿತೆ. ಅಷ್ಟಕ್ಕೆ ನಿಂತಿದ್ದರೆ ಸರಿ, ಚೀಸ್ ಮೇಲೊಂದು ಪುಸ್ತಕ, ಬರ್ಗಂಡಿಯ ದ್ರಾಕ್ಷಾರಸದ ಮೇಲೊಂದು, ಶಾಂಪೇನ್ ಮಾಡುವ ಕ್ರುಗ್ ಮನೆತನದ ಮೇಲೊಂದು. ಪ್ರಾರ್ಥನಾಗೀತೆಗಳನ್ನೂ ಬರೆದಿದ್ದಾರೆ, 1951ರ ಬಿಬಿಸಿ ಪ್ರಾರ್ಥನಾಗೀತೆಗಳ ಪುಸ್ತಕದಲ್ಲಿ ಇವರದು ಮೂರು ಇವೆ. ಇನ್ನೊಂದು ಕೇಳಿ, ಒಂದು ನಶ್ಯದಂಗಡಿಯ ಮೇಲೆ ಪುಸ್ತಕ! 1974ರಲ್ಲಿ ಬಂತು, 'ದಿ ಸ್ನಫ್ ಶಾಪ್' ಅಂತ. ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ 1720ರಲ್ಲಿ ಶುರುವಾದ ಫ್ರೈಬೋರ್ಗ್ ಅಂಡ್ ಟ್ರೇಯರ್ ಅನ್ನುವ ಅಂಗಡಿ ಅದು.

ನಶ್ಯ ಅಂದ ಕೂಡಲೇ ನನಗೆ ನಮ್ಮಜ್ಜಿ ನೆನಪು. ಸೆರಗಿನ ತುದಿಗೆ ಸಿಕ್ಕಿಸಿದ ತಗಡಿನ ಡಬ್ಬಿ. ಮೊಮ್ಮಕ್ಕಳು ನಿದ್ದೆಹೋದ ಮೇಲೆ ಒಂದು ಚಿಟಿಕೆ ತೆಗೆದು, ಎರಡು ಬೆರಳಲ್ಲಿ ಹಿಡಿದು, ಕಣ್ಣುಮುಚ್ಚಿ ಏರಿಸೋರು. ನಿದ್ದೆ ಬಂದವರ ಹಾಗೆ ಮಲಗಿ ನಾವು ಆ ಸೀನಿಗೇ ಕಾಯ್ತಿದ್ವಿ. ಪೇಟೆಯ ನಶ್ಯದಂಗಡಿಯವನು ಬಾಳೆಪಟ್ಟೆಯಲ್ಲಿ ಸುತ್ತಿ, ನಾರು ಕಟ್ಟಿ ಕೊಡುತ್ತಿದ್ದ. ಅವನಿಗೆ ಯಾರಿಗೆ ಎಷ್ಟು ಖಾರ ಬೇಕು, ಯಾರಿಗೆ ಮೆದು ಬೇಕು ಎಲ್ಲ ಬಾಯಿಪಾಠ. ಆ ಅಂಗಡಿ ಈಗಿಲ್ಲ. ಅದರ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಆರ್ಲಟ್ ಬರೆದ ಅಂಗಡಿಯೂ ಆಮೇಲೆ ಬಾಗಿಲು ಹಾಕಿತು, ಆದರೆ ಅದರ ಪುಸ್ತಕ ಇದೆ. ವ್ಯತ್ಯಾಸ ಇರೋದು ಅಲ್ಲೇ, ಅಲ್ವಾ?

ಆರ್ಲಟ್ ಹುಟ್ಟಿದ್ದೇ ಸ್ಮಶಾನದ ಕಾವಲು ಮನೆಯಲ್ಲಿ. ಹ್ಯಾಂಪ್‌ಶೈರಿನ ಬೇಸಿಂಗ್‌ಸ್ಟೋಕ್ ಅನ್ನುವ ಊರು, 1914ರ ಫೆಬ್ರವರಿ 25. ತಂದೆ ಸ್ಮಶಾನದ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. ಆಟದ ಬಯಲೂ ಅದೇ, ಅಂಗಳವೂ ಅದೇ. ಬೇರೆಯವರಾಗಿದ್ದರೆ ಹುಡುಗ ಹೆದರುಪುಕ್ಕಲ ಆಗಬೇಕಿತ್ತು. ಇವರಿಗೆ ಜನರ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಇದೆಲ್ಲ ಓದುವ ಅಭ್ಯಾಸ ಅಲ್ಲೇ ಹತ್ತಿರಬೇಕು. ಮುಂದೆ ಜೀವನಚರಿತ್ರೆ ಬರೆಯೋನಿಗೆ ಇದಕ್ಕಿಂತ ಒಳ್ಳೇ ಬಾಲಶಿಕ್ಷೆ ಸಿಗುತ್ತಾ ಹೇಳಿ.

ಶಾಲೆಯಲ್ಲಿ ಹೆಡ್‌ಮಾಸ್ಟರಿಗೂ ಇವರಿಗೂ ಆಗಿಬರಲಿಲ್ಲ, ಬಿಟ್ಟರು. ಆಮೇಲೆ ಊರ ಹತ್ತಿರದ ಮಾನಸಿಕ ಆಸ್ಪತ್ರೆಯಲ್ಲಿ ಗುಮಾಸ್ತೆ ಕೆಲಸ. ರೋಗಿಗಳಿಗೆ ಯಾವ ಹೊತ್ತಿಗೆ ಎಷ್ಟು ಊಟ ಬೇಕು ಅಂತ ಲೆಕ್ಕ ಹಾಕೋದು! 1934ರಲ್ಲಿ ಸೌತಾಂಪ್ಟನ್ ಪೊಲೀಸಿಗೆ ಸೇರಿದರು. ಹನ್ನೊಂದು ವರ್ಷ ಪೊಲೀಸರಾಗಿದ್ದರು ಅಂದರೆ ತಮಾಷೆಯಾ? ಬೀಟು ತಿರುಗೋದು, ಬಿಡುವಾದಾಗ ಕ್ರಿಕೆಟ್ಟು ನೋಡೋದು, ರಾತ್ರಿ ಕೂತು ಕವಿತೆ ಬರೆಯೋದು. 1938ರಲ್ಲಿ ವೂಸ್ಟರಿನಲ್ಲಿ ಹ್ಯಾಂಪ್‌ಶೈರ್ ತಂಡಕ್ಕೆ ಆಳು ಸಾಲದೆ ಬಂದಾಗ ಇವರನ್ನೇ ಫೀಲ್ಡಿಂಗಿಗೆ ನಿಲ್ಲಿಸಿದರು. ಕೌಂಟಿ ಕ್ರಿಕೆಟ್ಟಿನಲ್ಲಿ ಅವರು ಅಂಗಳಕ್ಕೆ ಇಳಿದದ್ದು ಅಷ್ಟೇ. ಆ ಕೊರತೆ ಅವರಿಗೆ ಕಡೇವರೆಗೂ ಇತ್ತು ಅಂತ ಕಾಣುತ್ತೆ. ಆಟಗಾರರ ಬಗ್ಗೆ ಬರೆಯುವಾಗ ಆ ಗೌರವ, ಆ ಆಸೆ ಎರಡೂ ಸಾಲುಸಾಲಿನಲ್ಲಿ ಕಾಣುತ್ತೆ.

ಪೊಲೀಸಪ್ಪನ ಕವಿತೆಗಳು ಜಾನ್ ಬೆಟ್ಜಮನ್ ಅಂಥವರ ಕಣ್ಣಿಗೆ ಬಿದ್ದವು, ಬಿಬಿಸಿ ಕರೆಯಿತು. 1945ರಲ್ಲಿ ಅಲ್ಲಿನ ಪೂರ್ವದೇಶಗಳ ಸೇವೆಯಲ್ಲಿ ಸಾಹಿತ್ಯ ಕಾರ್ಯಕ್ರಮದ ನಿರ್ಮಾಪಕ. ಆ ಕುರ್ಚಿಯಲ್ಲಿ ಮೊದಲು ಕೂತಿದ್ದವರು ಯಾರು ಗೊತ್ತಾ? ಜಾರ್ಜ್ ಆರ್ವೆಲ್. ಪೂರ್ವದೇಶಗಳು ಅಂದರೆ ಮುಖ್ಯವಾಗಿ ನಮ್ಮ ದೇಶ. ಇ. ಎಂ. ಫಾರ್ಸ್ಟರ್, ಡೈಲನ್ ಥಾಮಸ್ ಇಂಥವರನ್ನೆಲ್ಲ ಮೈಕಿನ ಮುಂದೆ ಕೂರಿಸಿ ಭಾರತದ ಕೇಳುಗರಿಗೆ ಮುಟ್ಟಿಸೋದು ಇವರ ಕೆಲಸ.

ನೋಡಿ, ಇಲ್ಲೇ ನಮ್ಮ ಋಣಾನುಬಂಧ ಬರೋದು. 1946ರಲ್ಲಿ ಹಿರಿಯ ಪಟೌಡಿ ನವಾಬರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಯುದ್ಧ ಮುಗಿದ ಮೇಲಿನ ಮೊದಲ ಬೇಸಿಗೆ ಅದು. ಭಾರತದ ಕೇಳುಗರಿಗೆ ಆಟದ ಸುದ್ದಿ ಹೇಳೋಕೆ ಯಾರಾದರೂ ಬೇಕು. ಕಚೇರಿಯಲ್ಲಿ ಕ್ರಿಕೆಟ್ಟಿನ ಹುಚ್ಚು ಇರುವ ಒಬ್ಬ ಕವಿ ಇದ್ದಾನಲ್ಲ, ಅವನನ್ನೇ ಕಳಿಸಿ ಅಂದರು. ಹಾಗೆ ಮೇ ತಿಂಗಳಲ್ಲಿ ವೂಸ್ಟರಿನ ಮೊದಲ ಪಂದ್ಯಕ್ಕೆ ಹೋದವರು ಮೈಕು ಕೆಳಗಿಟ್ಟದ್ದು 1980ರಲ್ಲಿ. ಅಂದರೆ ಇಂಗ್ಲೆಂಡಿನ ಅತ್ಯಂತ ಪ್ರೀತಿಯ ಕ್ರಿಕೆಟ್ ಧ್ವನಿ ಮೊದಲು ಮಾತಾಡಿದ್ದು ಇಂಗ್ಲಿಷರಿಗಲ್ಲ, ನಮ್ಮ ಹಿರಿಯರಿಗೆ! ನಮ್ಮೂರಲ್ಲಿ ಆಗ ರೇಡಿಯೋ ಇದ್ದ ಮನೆ ಎಷ್ಟಿತ್ತೋ, ಅದರಲ್ಲಿ ಶಾರ್ಟ್ ವೇವ್ ಹಿಡಿದು ಆ ಗರಗರದ ನಡುವೆ ಕಿವಿಗೊಟ್ಟವರು ಎಷ್ಟು ಜನವೋ. ಕೇಳಿದ್ದರೆ ಪುಣ್ಯವಂತರು.

ಆ ಪ್ರವಾಸದಲ್ಲಿ ಒಂದು ವಿಚಿತ್ರ ನಡೆಯಿತು, ಅದನ್ನ ಬಿಟ್ಟು ಮುಂದೆ ಹೋಗೋಕೆ ಮನಸ್ಸಿಲ್ಲ. ಓವಲ್‌ನಲ್ಲಿ ಸರ್ರೆ ಮೇಲೆ ಭಾರತ ಒಂಬತ್ತು ವಿಕೆಟ್ಟಿಗೆ 205. ಹತ್ತನೆಯವರು ಸಿ. ಟಿ. ಸರವಟೆ, ಹನ್ನೊಂದನೆಯವರು ಶೂಟೆ ಬ್ಯಾನರ್ಜಿ. ಇನ್ನೇನು ಮುಗೀತು ಅಂತ ಎಲ್ಲರೂ ಏಳೋ ಹೊತ್ತು. ಇವರಿಬ್ಬರೂ ಸೇರಿ 249 ರನ್ನು ಸೇರಿಸಿದರು! ಸರವಟೆ ಔಟಾಗದೆ 124, ಬ್ಯಾನರ್ಜಿ 121. ಹತ್ತು, ಹನ್ನೊಂದನೇ ಕ್ರಮಾಂಕದ ಇಬ್ಬರೂ ಶತಕ ಹೊಡೆಯೋದು ಅಂದರೆ ಎಲ್ಲಾದರೂ ಉಂಟಾ? ಅದೇ ಬೇಸಿಗೆಯ ಕೊನೆಗೆ, ಅದೇ ಮೈದಾನದ ಟೆಸ್ಟಿನಲ್ಲಿ ವಿಜಯ್ ಮರ್ಚೆಂಟ್ 128 ಹೊಡೆದು ಆಡುತ್ತಿದ್ದಾಗ ಡೆನಿಸ್ ಕಾಂಪ್ಟನ್ ಓಡಿಬಂದು ಚೆಂಡನ್ನ ಕಾಲಲ್ಲಿ ಒದ್ದು ವಿಕೆಟ್ಟಿಗೆ ಹೊಡೆದು ರನ್‌ಔಟ್ ಮಾಡಿದರು. ಕಾಂಪ್ಟನ್ ಆರ್ಸೆನಲ್ ತಂಡದ ಫುಟ್‌ಬಾಲ್ ಆಟಗಾರರೂ ಹೌದಲ್ಲ. ಕೈಗಿಂತ ಕಾಲೇ ವಾಸಿ ಅನ್ನಿಸಿರಬೇಕು ಆ ಕ್ಷಣಕ್ಕೆ. ಆರ್ಲಟ್ ಇದನ್ನೆಲ್ಲ ನೋಡಿ ಮರುವರ್ಷ 'ಇಂಡಿಯನ್ ಸಮ್ಮರ್' ಅಂತ ಪುಸ್ತಕ ತಂದರು. ಅವರ ಮೊದಲ ಕ್ರಿಕೆಟ್ ಪುಸ್ತಕ ನಮ್ಮವರ ಮೇಲೇ. ಈ ಮಾತು ನಮ್ಮಲ್ಲಿ ಯಾಕೆ ಯಾರೂ ಹೆಚ್ಚು ಆಡೋದಿಲ್ಲವೋ.

ಧ್ವನಿಯ ವಿಷಯಕ್ಕೆ ಬಂದರೆ, ಅವರ ಮಾತಿನಲ್ಲಿ ಹ್ಯಾಂಪ್‌ಶೈರಿನ ಹಳ್ಳಿಯ ಎಳೆತ ಹಾಗೇ ಇತ್ತು. ಬಿಬಿಸಿಯಲ್ಲಿ ಆಗೆಲ್ಲ ತೊಳೆದು ಇಸ್ತ್ರಿ ಹಾಕಿದ ಇಂಗ್ಲಿಷೇ ಆಗಬೇಕು. ಹೊರಾಂಗಣ ಪ್ರಸಾರದ ಮುಖ್ಯಸ್ಥರು ಇವರಿಗೆ ಮುಖದ ಮೇಲೇ ಹೇಳಿದರಂತೆ, ನಿಮ್ಮ ಧ್ವನಿ ಒರಟು, ಆದರೆ ನಿಮ್ಮ ತಲೆ ಸ್ವಾರಸ್ಯವಾಗಿದೆ ಅಂತ. ಒರಟು ಧ್ವನಿಯನ್ನ ಅವರು ತಿದ್ದಿಕೊಳ್ಳಲಿಲ್ಲ. ಒಳ್ಳೇದಾಯಿತು. 1948ರ ಆಗಸ್ಟ್ 14ರಂದು ಓವಲ್‌ನಲ್ಲಿ ಬ್ರಾಡ್ಮನ್ ಕೊನೆಯ ಸಲ ಬಂದು, ಹೋಲಿಸ್ ಹಾಕಿದ ಎರಡನೇ ಚೆಂಡಿಗೆ ಸೊನ್ನೆಗೆ ಔಟಾದರಲ್ಲ, ಆಗ ಮೈಕಿನಲ್ಲಿದ್ದದ್ದು ಆರ್ಲಟ್ಟೇ. ಬೊಬ್ಬೆಯಿಲ್ಲ, ಕಿರುಚಾಟವಿಲ್ಲ. ಇಷ್ಟೊಂದು ಜನ ಎದ್ದುನಿಂತು ಹರಸಿದ ಮೇಲೆ ಕಣ್ಣು ಮಂಜಾಗಿ ಚೆಂಡು ಸರಿಯಾಗಿ ಕಾಣಿಸುತ್ತಾ ಅಂತ ಮೆತ್ತಗೆ ಒಂದು ಅನುಮಾನ ಮುಂದಿಟ್ಟರು, ಅಷ್ಟೆ. ಆ ಹೊತ್ತಿನಲ್ಲೂ ಅವರಿಗೆ ಕಂಡದ್ದು ಅಂಕಿಯಲ್ಲ, ಆ ಮನುಷ್ಯನ ಕಣ್ಣು.

ಜೀವನಚರಿತ್ರೆಗಳಲ್ಲೂ ಅದೇ ಗುಣ. 1951ರಲ್ಲಿ ಮಾರಿಸ್ ಟೇಟ್ ಬಗ್ಗೆ ಬರೆದರು. ಟೇಟ್ ಕಥೆ ಕೇಳಿದ್ದೀರಲ್ವಾ? ಅಪ್ಪ ಫ್ರೆಡ್ ಟೇಟ್ ಆಡಿದ್ದು ಒಂದೇ ಟೆಸ್ಟು, 1902ರಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ. ಅವತ್ತು ಒಂದು ಕ್ಯಾಚು ಬಿಟ್ಟರು. ಕಡೆಗೆ ಕೊನೆಯ ಆಟಗಾರನಾಗಿ ಬಂದು ಬೌಲ್ಡ್ ಆದರು. ಇಂಗ್ಲೆಂಡ್ ಮೂರೇ ಮೂರು ರನ್ನಿನಿಂದ ಸೋತಿತು. ಜನ್ಮವಿಡೀ ಆ ಮಾತು ತಪ್ಪಲಿಲ್ಲ ಪಾಪ. ಮಗ ಬೆಳೆದು ದೊಡ್ಡ ಬೌಲರ್ ಆಗಿ, 1924-25ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದೇ ಸರಣಿಯಲ್ಲಿ 38 ವಿಕೆಟ್ ಕಿತ್ತ. ಅಪ್ಪನ ಸಾಲ ಮಗ ತೀರಿಸೋದು ನಮ್ಮ ಕಡೆಯೂ ಉಂಟು, ಆದರೆ ಬಡ್ಡಿ ಸಮೇತ ಹೀಗೆ ತೀರಿಸಿದವರು ಅಪರೂಪ.

ಜ್ಯಾಕ್ ಹಾಬ್ಸ್ ಅಂದರೆ ಆರ್ಲಟ್‌ಗೆ ದೇವರು. ಹನ್ನೆರಡು ವರ್ಷದ ಹುಡುಗನಾಗಿ 1926ರ ಓವಲ್ ಟೆಸ್ಟು ನೋಡಿದಾಗಿನಿಂದ ಹಿಡಿದ ಭಕ್ತಿ. ದೊಡ್ಡವರಾದ ಮೇಲೆ ಸ್ನೇಹಿತರನ್ನ ಕೂಡಿಕೊಂಡು 'ಮಾಸ್ಟರ್ಸ್ ಕ್ಲಬ್' ಅಂತ ಒಂದು ಕಟ್ಟಿದರು. ಹಾಬ್ಸ್ ಅವರ ಜೊತೆ ಕೂತು ಊಟ ಮಾಡೋದು, ಅವರ ಹೆಸರಿನಲ್ಲಿ ಒಂದು ಗುಟುಕು ಕುಡಿಯೋದು, ಅದೇ ಕಾರ್ಯಕ್ರಮ. ಭಾಷಣ ಇಲ್ಲ! ಹಾಬ್ಸ್ 1963ರಲ್ಲಿ ತೀರಿಕೊಂಡ ಮೇಲೂ ಆ ಊಟ ನಿಲ್ಲಲಿಲ್ಲ. ಭಾಷಣ ಇಲ್ಲದ ಸನ್ಮಾನ ಅಂದರೆ ನಮ್ಮಲ್ಲಿ ಊಹಿಸೋಕಾದರೂ ಆಗುತ್ತಾ? ಹಾಬ್ಸ್ ಬಗ್ಗೆ ಪುಸ್ತಕ ಬಂದದ್ದು 1981ರಲ್ಲಿ, ತೀರಾ ತಡವಾಗಿ. ಭಕ್ತಿ ಜಾಸ್ತಿಯಾದ ಕಡೆ ಕೈ ಸ್ವಲ್ಪ ಬಿಗಿಯಾಗುತ್ತೆ. ಆ ಪುಸ್ತಕ ಓದುವಾಗ ನನಗೆ ಹಾಗನ್ನಿಸುತ್ತೆ. ಎಲ್ಲೂ ಒಂದು ಜಗಳ ಇಲ್ಲ, ಹಾಬ್ಸ್ ಅಷ್ಟು ಒಳ್ಳೆಯವರು.

'ಫ್ರೆಡ್' ಹಾಗಲ್ಲ. 1971ರಲ್ಲಿ ಬಂದ ಫ್ರೆಡ್ ಟ್ರೂಮನ್ ಚರಿತ್ರೆ. ಯಾರ್ಕ್‌ಶೈರಿನ ಕಲ್ಲಿದ್ದಲ ಗಣಿಯ ಕಡೆಯ ಹುಡುಗ, ಬಾಯಿ ಬಿಟ್ಟರೆ ಬಣ್ಣಬಣ್ಣದ ಮಾತು, ಟೆಸ್ಟಿನಲ್ಲಿ ಮುನ್ನೂರು ವಿಕೆಟ್ ಮುಟ್ಟಿದ ಮೊದಲ ಬೌಲರು. ಪುಸ್ತಕಕ್ಕೆ ಏನು ಹೆಸರಿಡೋಣ ಅಂತ ಮಾತು ಬಂದಾಗ, ಉಸಿರಾಡಿದ ವೇಗದ ಬೌಲರುಗಳಲ್ಲೆಲ್ಲ ಶ್ರೇಷ್ಠ ಇವನೇ ಅನ್ನೋ ಅರ್ಥ ಬರೋ ಹಾಗೆ ಒಂದು ಉದ್ದನೆಯ ಹೆಸರು ಟ್ರೂಮನ್ನೇ ಸೂಚಿಸಿದರಂತೆ, ನಡುವೆ ಒಂದು ಬೈಗುಳ ಸೇರಿಸಿ! ಆರ್ಲಟ್ ಸುಮ್ಮನೆ 'ಫ್ರೆಡ್' ಅಂತಿಟ್ಟರು. ಆ ಪುಸ್ತಕದ ಸೊಗಸೇನು ಅಂದರೆ, ಟ್ರೂಮನ್ ಬಗ್ಗೆ ಕಟ್ಟಿದ ಕಥೆಗಳೆಷ್ಟು, ನಿಜವಾದ ಟ್ರೂಮನ್ ಎಷ್ಟು ಅಂತ ಬಿಡಿಸಿ ಬಿಡಿಸಿ ನೋಡ್ತಾರೆ. ಒಳಗೊಬ್ಬ ಅಳುಕಿನ ಹುಡುಗ ಇದ್ದಾನೆ ಅನ್ನೋದು ನಿಧಾನಕ್ಕೆ ಗೊತ್ತಾಗುತ್ತೆ. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟು ಬರೆದದ್ದು. ನನ್ನ ಕೇಳಿದರೆ ಆರ್ಲಟ್ ಬರೆದದ್ದರಲ್ಲಿ ಇದೇ ಮೇಲು.

1971 ಅಂದೆನಲ್ಲ, ಆ ವರ್ಷ ನಮಗೆ ಬೇರೇ ಕಾರಣಕ್ಕೆ ಹಬ್ಬ. ಆಗಸ್ಟ್ 24, ಓವಲ್. ಗಣೇಶ ಚತುರ್ಥಿ ಬೇರೆ. ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನ ಕರೆತಂದು ಮೈದಾನ ಸುತ್ತಿಸಿದ್ದರಲ್ಲ, ಅದೇ ಪಂದ್ಯ. ನಮ್ಮ ಮೈಸೂರಿನ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದು ಇಂಗ್ಲೆಂಡನ್ನ 101ಕ್ಕೆ ಉದುರಿಸಿದರು. ಭಾರತ ಇಂಗ್ಲೆಂಡ್ ನೆಲದಲ್ಲಿ ಗೆದ್ದ ಮೊದಲ ಟೆಸ್ಟು. ನಮ್ಮ ಮನೆಯಲ್ಲಿ ದೇವರ ಮುಂದೆ ಕಡುಬು, ಅದರ ಪಕ್ಕದಲ್ಲೇ ರೇಡಿಯೋ. ಪೂಜೆ ಮಾಡುತ್ತಿದ್ದ ಅಪ್ಪ ಮಂತ್ರದ ನಡುವೆ ಸ್ಕೋರು ಎಷ್ಟು ಅಂತ ಕೈಸನ್ನೆ ಮಾಡೋರು. ಪೋಲಿಯೋದಿಂದ ಸಣಕಲಾದ ತೋಳಿನಲ್ಲಿ ಅಂಥ ಚೆಂಡು ಹಾಕುತ್ತಿದ್ದ ಚಂದ್ರ ಅವರನ್ನ ಕುರಿತು ಆರ್ಲಟ್ ಒಂದು ಪೂರ್ತಿ ಪುಸ್ತಕ ಬರೆದಿದ್ದರೆ! ಅಲೆಟ್ಸನ್‌ಗೆ ಬರೆದ ಕೈ ತಾನೆ? ಆ ಒಂದು ಮಧ್ಯಾಹ್ನದ ಮೇಲೇ ಬರೆಯಬಹುದಿತ್ತು.

ಹಳಿ ತಪ್ಪಿದೆ, ವಾಪಸ್ ಬರ್ತೀನಿ. ಆರ್ಲಟ್ ಮಾಡಿದ ಒಂದು ಕೆಲಸ ಇದೆ, ಅದು ಪುಸ್ತಕಗಳಿಗಿಂತ ದೊಡ್ಡದು. 1948-49ರಲ್ಲಿ ಕಾಮೆಂಟರಿಗೆ ಅಂತ ದಕ್ಷಿಣ ಆಫ್ರಿಕಾಗೆ ಹೋಗಿದ್ದರು. ಅಲ್ಲಿ ಕರಿಯರನ್ನ ನಡೆಸಿಕೊಳ್ಳೋದನ್ನ ಕಣ್ಣಾರೆ ಕಂಡರು. ಹೊರಡುವಾಗ ಅಧಿಕಾರಿ ಕೊಟ್ಟ ಫಾರಂನಲ್ಲಿ ನಿಮ್ಮ ಜನಾಂಗ ಯಾವುದು ಅಂತ ಇತ್ತು. 'ಮನುಷ್ಯ' ಅಂತ ತುಂಬಿದರು. ಅಧಿಕಾರಿ ಎಷ್ಟು ಕೆಂಪಾದರೂ ತಿದ್ದಲಿಲ್ಲ. ಮತ್ತೆ ಆ ದೇಶಕ್ಕೆ ಹೋಗಲೂ ಇಲ್ಲ.

ಅದಾಗಿ ಸುಮಾರು ಹತ್ತು ವರ್ಷಕ್ಕೆ ಕೇಪ್‌ಟೌನಿನಿಂದ ಒಂದು ಕಾಗದ ಬಂತು, ಹಸಿರು ಶಾಯಿಯಲ್ಲಿ ಬರೆದದ್ದು. ಆ ಹಸಿರು ಶಾಯಿ ನನಗೆ ಬಹಳ ಹಿಡಿಸಿದ ವಿವರ. ಬೆಸಿಲ್ ಡಿ'ಒಲಿವೇರಾ ಅಂತ ಒಬ್ಬ ಹುಡುಗ. ಚರ್ಮದ ಬಣ್ಣದ ಕಾರಣಕ್ಕೆ ನನ್ನ ದೇಶದಲ್ಲಿ ನನಗೆ ಮೇಲಕ್ಕೆ ದಾರಿಯಿಲ್ಲ, ಇಂಗ್ಲೆಂಡಿನಲ್ಲಿ ಎಲ್ಲಾದರೂ ಆಡೋಕೆ ಅವಕಾಶ ಸಿಗುತ್ತಾ ಅಂತ ಕೇಳಿದ್ದ. ಆರ್ಲಟ್ ಅವನ ಮುಖ ನೋಡಿದವರಲ್ಲ, ಆಟ ನೋಡಿದವರಲ್ಲ. ರೇಡಿಯೋದಲ್ಲಿ ಕೇಳಿದ ಧ್ವನಿಯನ್ನ ನಂಬಿ ಬರೆದ ಕಾಗದ ಅದು. ಕ್ಲಬ್ಬುಗಳು ಇಂಥ ಗುರುತಿಲ್ಲದವನನ್ನ ತಗೊಳ್ತವಾ? ಆರ್ಲಟ್ ಬಿಡಲಿಲ್ಲ. ಮ್ಯಾಂಚೆಸ್ಟರಿನ ಪತ್ರಕರ್ತ ಜಾನ್ ಕೇ ಜೊತೆ ಸೇರಿ ಕಾದರು, ಕೇಳಿದರು, ಕಾಡಿದರು. ಕಡೆಗೆ 1960ರಲ್ಲಿ ಮಿಡಲ್‌ಟನ್ ಕ್ಲಬ್ಬಿಗೆ ವೆಸ್ ಹಾಲ್ ಬರೋದು ತಪ್ಪಿಹೋಗಿ, ಆ ಜಾಗ ಡಿ'ಒಲಿವೇರಾಗೆ ಸಿಕ್ಕಿತು. ಇಡೀ ಸೀಸನ್ನಿಗೆ 450 ಪೌಂಡು. ವಿಮಾನದ ಖರ್ಚಿಗೆ ಊರಿನವರು ಚಂದಾ ಎತ್ತಿದರು.

ಆ ಒಂದು ಕಾಗದ ಎಲ್ಲೀವರೆಗೆ ಹೋಯಿತು ಗೊತ್ತಲ್ಲ? ಡಿ'ಒಲಿವೇರಾ ಇಂಗ್ಲೆಂಡ್ ತಂಡಕ್ಕೇ ಬಂದರು. 1968ರ ಓವಲ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾ ಮೇಲೆ 158 ಹೊಡೆದರು. ಆದರೂ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೆಸರಿಲ್ಲ! ಆಮೇಲೆ ಟಾಮ್ ಕಾರ್ಟ್‌ರೈಟ್ ಗಾಯಗೊಂಡು ಹಿಂದೆ ಸರಿದಾಗ ಸೇರಿಸಿದರು. ಅಲ್ಲಿನ ಪ್ರಧಾನಿ ಫೋರ್ಸ್ಟರ್ ಈ ತಂಡ ನಮಗೆ ಬೇಡ ಅಂದರು, ಪ್ರವಾಸ ಬಿದ್ದುಹೋಯಿತು. 1970ರಲ್ಲಿ ದಕ್ಷಿಣ ಆಫ್ರಿಕಾದವರೇ ಇಂಗ್ಲೆಂಡಿಗೆ ಬರೋದಿತ್ತು. ಆ ಪಂದ್ಯಗಳಿಗೆ ನಾನು ಮೈಕು ಹಿಡಿಯೋದಿಲ್ಲ ಅಂತ ಆರ್ಲಟ್ ಮೊದಲೇ ಸಾರಿಬಿಟ್ಟರು. ಹೊಟ್ಟೆಪಾಡಿನ ಕೆಲಸ ಅದು. ಆ ಪ್ರವಾಸವೂ ಕಡೆಗೆ ರದ್ದಾಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದಕ್ಷಿಣ ಆಫ್ರಿಕಾ ಟೆಸ್ಟು ಆಡಲಿಲ್ಲ. ಆಟಗಾರನ ಚರಿತ್ರೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ಒಬ್ಬ ಆಟಗಾರನಿಗೆ ಚರಿತ್ರೆಯೇ ಸಿಗೋ ಹಾಗೆ ಮಾಡಿದವರು?

ದುಡಿಯುವ ಆಟಗಾರರ ಮೇಲಿನ ಆ ಕಾಳಜಿ ಬರೀ ಕಾಗದದ ಮೇಲಿನದಾಗಿರಲಿಲ್ಲ. ಕೌಂಟಿ ಆಟಗಾರರು ಸಂಘ ಕಟ್ಟಿಕೊಂಡಾಗ 1968ರಿಂದ ಸಾಯುವವರೆಗೂ ಇವರೇ ಅಧ್ಯಕ್ಷರು. ಎಪ್ಪಿಂಗ್ ಕ್ಷೇತ್ರದಲ್ಲಿ ಲಿಬರಲ್ ಪಕ್ಷದಿಂದ ಎರಡು ಸಲ ಚುನಾವಣೆಗೂ ನಿಂತು ಎರಡು ಸಲವೂ ಸೋತರು.

ದುಃಖವೂ ಅಷ್ಟೇ ಇತ್ತು ಅನ್ನಿ. 1958ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಜೊತೆ ಬೆಲ್‌ಗ್ರೇಡ್‌ಗೆ ವರದಿಗೆ ಹೋಗಬೇಕಾಗಿದ್ದವರು ಇವರು. ಕೊನೆ ಗಳಿಗೆಯಲ್ಲಿ ಇವರು ಬರೆಯುತ್ತಿದ್ದ ಪತ್ರಿಕೆಯ ಹಿರಿಯ ವರದಿಗಾರ ಡಾನಿ ಡೇವಿಸ್ ಹೋದರು. ಮ್ಯೂನಿಕ್‌ನಲ್ಲಿ ಆ ವಿಮಾನ ಬಿತ್ತು, ಡೇವಿಸ್ ಉಳಿಯಲಿಲ್ಲ. ಅದಾಗಿ ಏಳು ವರ್ಷಕ್ಕೆ, 1965ರ ಹೊಸವರ್ಷದ ದಿನ ನಸುಕಿನಲ್ಲಿ ಹಿರಿಯ ಮಗ ಕಾರು ಅಪಘಾತದಲ್ಲಿ ಹೋದ. ಕಾರು ಕೊಡಿಸಿದ್ದವರು ಇವರೇ. ಅವತ್ತಿನಿಂದ ಕಡೆಯವರೆಗೂ ಕಪ್ಪು ಟೈ ಬಿಟ್ಟು ಬೇರೆ ಕಟ್ಟಲಿಲ್ಲ. ಇದನ್ನ ಹೆಚ್ಚು ಎಳೆಯೋದು ಬೇಡ.

ನನಗೆ ಇನ್ನೂ ಸೋಜಿಗ ಅನ್ನಿಸೋದು ಅವರ ಆತ್ಮಕಥೆ. 1990ರಲ್ಲಿ ಬಂತು, 'ಬೇಸಿಂಗ್‌ಸ್ಟೋಕ್ ಬಾಯ್'. ತೆರೆದು ನೋಡಿದರೆ 'ನಾನು' ಅನ್ನೋ ಮಾತೇ ಇಲ್ಲ! ಎಲ್ಲ 'ಅವನು', 'ಅವನು'. ಸ್ಮಶಾನದ ಮನೆಯ ಹುಡುಗ ಅವನು, ಬೀಟು ತಿರುಗಿದ ಪೊಲೀಸು ಅವನು, ವೂಸ್ಟರಿಗೆ ಮೈಕು ಹೊತ್ತು ಹೋದವನೂ ಅವನು. ಕೆಲವರಿಗೆ ಇದು ಹಿಡಿಸೋದಿಲ್ಲ, ಬಿಗುಮಾನ ಅಂತಾರೆ. ನನಗೆ ಹಾಗನ್ನಿಸಿಲ್ಲ. ಟೇಟು, ಟ್ರೂಮನ್ನು, ಹಾಬ್ಸು, ಅಲೆಟ್ಸನ್ನು ಎಲ್ಲರನ್ನೂ ಒಂದು ಮಾರು ದೂರ ನಿಂತು ಪ್ರೀತಿಯಿಂದ ನೋಡಿದವರು. ತಮ್ಮ ಸರದಿ ಬಂದಾಗಲೂ ಅಷ್ಟೇ ದೂರ ನಿಂತರು. ಸ್ವಂತಕ್ಕೆ ಅಂತ ಒಂದಿಂಚೂ ಹತ್ತಿರ ಜಾಗ ಕೇಳಲಿಲ್ಲ, ಅದು ನ್ಯಾಯ ತಾನೆ?

ಕೊನೆಯ ಕಾಮೆಂಟರಿಯಲ್ಲೂ ಅದೇ ರೀತಿ. 1980ರ ಸೆಪ್ಟೆಂಬರ್ 2, ಲಾರ್ಡ್ಸ್, ಆಸ್ಟ್ರೇಲಿಯಾ ಜೊತೆಗಿನ ಶತಮಾನೋತ್ಸವ ಟೆಸ್ಟು. ಏನೋ ದೊಡ್ಡ ವಿದಾಯದ ಮಾತು ಹೇಳ್ತಾರೆ ಅಂತ ಎಲ್ಲರೂ ಕಾದಿದ್ದರು. ಇವರು ಓವರು ಮುಗೀತು ಅಂದರು, ಮುಂದೆ ಮಾತಾಡುವವರ ಹೆಸರು ಹೇಳಿದರು, ಎದ್ದರು. ಆಮೇಲೆ ಧ್ವನಿವರ್ಧಕದಲ್ಲಿ ಸುದ್ದಿ ಹೇಳಿದಾಗ ಇಡೀ ಮೈದಾನ ಚಪ್ಪಾಳೆ. ಆಟಗಾರರೂ ಆಟ ನಿಲ್ಲಿಸಿ ತಟ್ಟಿದರು. ಬ್ಯಾಟು ಮಾಡುತ್ತಿದ್ದ ಜೆಫ್ ಬಾಯ್ಕಾಟ್ ಗ್ಲೌಸು ಬಿಚ್ಚಿ ಚಪ್ಪಾಳೆ ತಟ್ಟಿದರು. ಸುಲಭಕ್ಕೆ ಕ್ರೀಸಿನಲ್ಲಿ ಗಮನ ಬಿಡುವ ಆಸಾಮಿಯೇ ಅವರು? ಅದಕ್ಕೇ ಆ ಗ್ಲೌಸಿಗೆ ಬೆಲೆ.

ಆಮೇಲೆ ದ್ರಾಕ್ಷಾರಸದ ಸೀಸೆಗಳನ್ನ ಹರಾಜು ಹಾಕಿ ಆಲ್ಡರ್ನಿ ಅನ್ನುವ ಪುಟ್ಟ ದ್ವೀಪಕ್ಕೆ ಹೋಗಿ ನೆಲೆಸಿದರು. ಅಲ್ಲಿ ಅವರಿಗೆ ಜೊತೆ ಸಿಕ್ಕವರು ಇಯಾನ್ ಬೋಥಮ್. ಆ ಅಬ್ಬರದ ಹುಡುಗನಿಗೂ ಈ ಮುದುಕರಿಗೂ ಎಂಥ ಸ್ನೇಹ ಅಂತೀರಿ! ಉಸಿರಾಟದ ತೊಂದರೆ ಹೆಚ್ಚಾಗಿತ್ತು, 1991ರ ಡಿಸೆಂಬರ್ 14ರಂದು ಹೋದರು. ವಿಸ್ಡನ್ ವಾರ್ಷಿಕಕ್ಕೆ ಬೇರೆಯವರ ಪುಸ್ತಕಗಳ ವಿಮರ್ಶೆಯನ್ನ 1950ರಿಂದ ಹೆಚ್ಚುಕಮ್ಮಿ ಕೊನೆಯವರೆಗೂ ಬರೆಯುತ್ತಲೇ ಇದ್ದರು. ಹೊಸಬರು ಬರೆದ ತೆಳ್ಳನೆಯ ಪುಸ್ತಕಕ್ಕೂ ಒಂದು ಒಳ್ಳೆ ಮಾತು ಇದ್ದೇ ಇರೋದು.

ನೀವೇನಾದರೂ ಓದೋಕೆ ಶುರುಮಾಡೋದಾದರೆ 'ಫ್ರೆಡ್'ನಿಂದ ಮಾಡಿ, ಹಳೇ ಪುಸ್ತಕದಂಗಡಿಗಳಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತೆ. 'ಇಂಡಿಯನ್ ಸಮ್ಮರ್' ಸಿಕ್ಕರಂತೂ ಬೆಲೆ ನೋಡಬೇಡಿ, ತಗೊಂಡುಬಿಡಿ. ಅದು ನಮ್ಮ ಸರವಟೆ, ಬ್ಯಾನರ್ಜಿ, ಮರ್ಚೆಂಟ್ ಇದ್ದ ಬೇಸಿಗೆಯ ಪುಸ್ತಕ, ನಮ್ಮ ಕಪಾಟಿನಲ್ಲಿ ಇರಬೇಕಾದ್ದು, ಅಲ್ವಾ?